ಬದಿಯಡ್ಕದ ವಿಎಂ, ಮಂಗಳೂರಿನ ವಿಎಂ, ನಡುವೆ ವೈರ್‌ಗಾರ್ಡ್ ಟನೆಲ್

ಬದಿಯಡ್ಕದ ಮನೆ ಕಂಪ್ಯೂಟರಲ್ಲಿ ಒಂದು ಲಿನಕ್ಸ್ ವಿಎಂ (ವರ್ಚುವಲ್ ಮಷೀನ್, ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್), ಮಂಗಳೂರಿನ ರೂಮಲ್ಲಿ ಇನ್ನೊಂದು, ಎರಡೂ ಒಂದೇ ನೆಟ್‌ವರ್ಕಲ್ಲಿ ಇದ್ದ ಹಾಗೆ ಮಾತಾಡ್ಬೇಕು ಅಂತಾದ್ರೆ ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್‌ನೆಟ್ ಮೂಲಕ ಎರಡು ಕಂಪ್ಯೂಟರ್ ನಡುವೆ ಗುಪ್ತ ದಾರಿ, ಅಂದ್ರೆ ಟನೆಲ್, ಮಾಡುವ ಸಾಫ್ಟ್‌ವೇರ್) ಧಾರಾಳ ಸಾಕು. 2020ರ ಕರ್ನಲ್ 5.6ರಿಂದ ಅದು ಲಿನಕ್ಸ್ ಒಳಗೇ ಉಂಟು, ಟೂಲ್ಸ್ ಮಾತ್ರ ಇನ್‌ಸ್ಟಾಲ್ ಮಾಡಿದ್ರಾಯ್ತು.

ಮೊದ್ಲು ರೌಟರ್ ಪೇಜಲ್ಲಿ ವ್ಯಾನ್ ಐಪಿ (ರೌಟರಿಗೆ ಹೊರಗಿನಿಂದ ಸಿಕ್ಕಿದ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಇದ್ರೆ ನೀವು ಸಿಜಿನ್ಯಾಟ್ (ಇಂಟರ್‌ನೆಟ್ ಕಂಪೆನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ರೌಟರಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಹೊರಗಿನಿಂದ ಯಾರೂ ಒಳಗೆ ಬರೋದಿಲ್ಲ. ಎರಡೂ ಕಡೆ ಹೀಗೇ ಇದ್ರೆ ಪಬ್ಲಿಕ್ ಐಪಿ ಇರುವ ಸಣ್ಣ ವಿಪಿಎಸ್ (ಕ್ಲೌಡ್ ಸರ್ವರ್) ಒಂದು ಬಾಡಿಗೆಗೆ ತಗೊಂಡು ಅದನ್ನು ಹಬ್ (ಎರಡೂ ವಿಎಂಗಳು ಬಂದು ಸೇರುವ ನಡುವಿನ ಜಾಗ) ಮಾಡಿ, ಇದಕ್ಕೆ ಖರ್ಚು ಮಾಡುವುದೇ ಒಳ್ಳೇದು. ಯುಡಿಪಿ 51820 ಪೋರ್ಟನ್ನು ವಿಪಿಎಸ್ ಫೈರ್‌ವಾಲಲ್ಲೂ ಕ್ಲೌಡ್ ಪ್ಯಾನೆಲಲ್ಲೂ ಓಪನ್ ಮಾಡಿ, ಅದರಲ್ಲೇ ಐಪಿ ಫಾರ್ವರ್ಡಿಂಗ್ (ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವುದು) 1 ಮಾಡಿ, ಯುಎಫ್‌ಡಬ್ಲ್ಯು (ಲಿನಕ್ಸ್ ಫೈರ್‌ವಾಲ್ ಟೂಲ್) ಇದ್ರೆ ಟನೆಲ್‌ನಿಂದ ಟನೆಲ್‌ಗೆ ರೂಟ್ ಅಲೌ ರೂಲ್ ಕೂಡ ಬೇಕು.

ಹಬ್ಬಿಗೆ 10.77.0.1, ಬದಿಯಡ್ಕಕ್ಕೆ 10.77.0.2, ಮಂಗಳೂರಿಗೆ 10.77.0.3 ಕೊಡಿ. ಇನ್ನು ಕಾನ್ಫಿಗ್ ಫೈಲಿನ ಅಲೌಡ್ ಐಪೀಸ್ ಸಾಲು, ಹೆಚ್ಚಿನವರು ಸಿಕ್ಕಿಬೀಳೋದು ಇಲ್ಲೇ. ಪ್ಯಾಕೆಟ್ ಯಾವ ಪಿಯರಿಗೆ (ಟನೆಲ್‌ನ ಆಚೆ ತುದಿಯ ಯಂತ್ರಕ್ಕೆ) ಹೋಗ್ಬೇಕು, ಯಾವ ಪಿಯರಿಂದ ಬಂದದ್ದನ್ನು ಒಪ್ಪಬೇಕು, ಎರಡನ್ನೂ ಇದೇ ನಿರ್ಧಾರ ಮಾಡ್ತದೆ. ಹಬ್ಬಲ್ಲಿ ಪ್ರತಿ ಪಿಯರಿಗೂ ಅದರದ್ದೇ /32 (ಅಂದ್ರೆ ಆ ಒಂದೇ ವಿಳಾಸ) ಮಾತ್ರ ಬರೀರಿ, ಎರಡಕ್ಕೂ ಒಂದೇ ರೇಂಜ್ ಬರೆದ್ರೆ ಅದು ಕೊನೇದಕ್ಕೆ ಮಾತ್ರ ಸಿಗ್ತದೆ, ಎರರೂ ತೋರಿಸೋದಿಲ್ಲ. ವಿಎಂಗಳಲ್ಲಿ ಹಬ್ ಪಿಯರಿಗೆ 10.77.0.0/24 (10.77.0 ಇಂದ ಶುರುವಾಗುವ ಎಲ್ಲ ವಿಳಾಸ) ಹಾಕಿ, 0.0.0.0/0 ಹಾಕಿದ್ರೆ ವಿಎಂನ ಇಡೀ ಇಂಟರ್‌ನೆಟ್ ವಿಪಿಎಸ್ ಸುತ್ತಿ ಹೋಗ್ತದೆ.

ಒಂದು ವಿಎಂ ರೆಡಿ ಮಾಡಿ ಕ್ಲೋನ್ ಮಾಡಿದವರು ಕ್ಲೋನಲ್ಲಿ ವೈರ್‌ಗಾರ್ಡ್ ವಿಎಂಅನ್ನು ಗುರುತಿಸುವ ಕೀ ಹೊಸದು ಮಾಡಲೇಬೇಕು. ಎರಡರಲ್ಲೂ ಒಂದೇ ಪ್ರೈವೇಟ್ ಕೀ ಇದ್ರೆ ಹಬ್ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಕಳಿಸ್ತದೆ, ಕನೆಕ್ಷನ್ ಬಂದು ಬಂದು ಹೋಗ್ತದೆ.

ಎರಡೂ ವಿಎಂಗಳಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 (25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವುದು) ಇಡಿ, ಇಲ್ಲಾಂದ್ರೆ ಸುಮ್ಮನಿದ್ದಾಗ ಹೊರಗಿನ ಉತ್ತರ ಒಳಗೆ ಬರುವ ನ್ಯಾಟ್ ದಾರಿ ಮುಚ್ಚಿಬಿಡ್ತದೆ. ನಮ್ಮಲ್ಲಿ ಮಳೆಗಾಲ ಅಂದ್ರೆ ಕರೆಂಟ್ ಹೋಗ್ತಾ ಬರ್ತಾ ಇರ್ತದೆ, ರೌಟರಿಗೆ ಪ್ರತಿಸಲ ಹೊಸ ಐಪಿ ಬಂದ್ರೂ ವಿಎಂ ಕಡೆಯಿಂದ ಮೊದಲ ಪ್ಯಾಕೆಟ್ ತಲುಪಿದ ಕೂಡಲೇ ಹಬ್ ಹೊಸ ವಿಳಾಸ ತಾನೇ ಹಿಡ್ಕೊಳ್ತದೆ. ಅದಕ್ಕೆ ವಿಎಂ ಓಡುವ ಕಂಪ್ಯೂಟರಲ್ಲಿ (ಹೋಸ್ಟ್) ವಿಎಂ ಆಟೋಸ್ಟಾರ್ಟ್, ವಿಎಂ ಒಳಗೆ ಟನೆಲ್ ಸರ್ವಿಸ್ ಎನೇಬಲ್, ಎರಡೂ ಆಗಿರ್ಬೇಕು.

ಡಬ್ಲ್ಯುಜಿ ಶೋ ಕಮಾಂಡ್ ಕೊಟ್ಟಾಗ ಲೇಟೆಸ್ಟ್ ಹ್ಯಾಂಡ್‌ಶೇಕ್ ಕಾಣದಿದ್ರೆ ಕೀ, ಎಂಡ್‌ಪಾಯಿಂಟ್, ಪೋರ್ಟ್ ನೋಡಿ. ಹ್ಯಾಂಡ್‌ಶೇಕ್ ಉಂಟು ಪಿಂಗ್ ಇಲ್ಲಾಂದ್ರೆ ಅಲೌಡ್ ಐಪೀಸ್ ಅಥವಾ ಫಾರ್ವರ್ಡಿಂಗ್. ಪಿಂಗ್ ಸರಿ ಹೋಗಿ ದೊಡ್ಡ ಫೈಲ್ ಕಾಪಿ ಮಾತ್ರ ನಿಂತುಬಿಟ್ರೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ.