ಕೋಚ್ ಇಲ್ಲದೆ ಸರ್ವ್ ತಿದ್ದಿಕೊಂಡ ಬಗೆ

ಟೆನಿಸ್‌ನಲ್ಲಿ ಸರ್ವ್, ಅಂದರೆ ಪಾಯಿಂಟ್ ಶುರುಮಾಡುವ ಹೊಡೆತ, ಹೊಡೆಯುವಾಗ ನಮ್ಮ ಮೈ ನಮಗೇ ಸುಳ್ಳು ಹೇಳುತ್ತದೆ. ಕೈ ಪೂರ್ತಿ ಚಾಚಿದೆ ಅನ್ನಿಸಿರುತ್ತದೆ. ವಿಡಿಯೊ ನಿಲ್ಲಿಸಿ ನೋಡಿದರೆ ಮೊಣಕೈ ಮಡಚಿಕೊಂಡೇ ಇರುತ್ತದೆ. ಚೆಂಡು ತಲೆಗಿಂತ ಮುಂದಿತ್ತು ಅಂದುಕೊಂಡಿರುತ್ತೇವೆ. ನೋಡಿದರೆ ಕಿವಿಯ ಹಿಂದೆ ಇರುತ್ತದೆ. ಕೋಚ್ ಇದ್ದರೆ ಈ ಸುಳ್ಳನ್ನು ಅವರ ಕಣ್ಣು ಹಿಡಿಯುತ್ತದೆ. ಇಲ್ಲದಿದ್ದರೆ ಆ ಕೆಲಸವನ್ನು ಬೇರೆ ಯಾವುದಕ್ಕಾದರೂ ವಹಿಸಬೇಕು. ಹಾಗಾಗಿ ಹೊರಗಿನ ಒಂದು ವಸ್ತು ಸರಿ ಅಥವಾ ತಪ್ಪು ಅಂತ ತೋರಿಸದ ಹೊರತು ಯಾವ ತಿದ್ದುಪಡಿಯನ್ನೂ ನಂಬುವುದಿಲ್ಲ ಅಂತ ಇಟ್ಟುಕೊಂಡೆ. ಸ್ಲೋ ಮೋಷನ್ ಇರುವ ಫೋನ್, ಒಂದು ಟವೆಲ್, ಮಾರ್ಕರ್ ಪೆನ್ನು, ಹಗ್ಗ, ನೋಟ್‌ಬುಕ್, ಇಪ್ಪತ್ತು ಮೂವತ್ತು ಹಳೆಯ ಚೆಂಡು. ಸಾಮಾನು ಇಷ್ಟೇ. ಕೆಳಗೆ ಬರೆದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಬಲ ಎಡ ಅದಲುಬದಲು ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಒಂದು ಲೆಕ್ಕ. ಸರ್ವ್ ಹೊಡೆಯಲು ನಿಲ್ಲುವುದು ಕೋರ್ಟ್‌ನ ಹಿಂದಿನ ಗೆರೆಯಾದ ಬೇಸ್‌ಲೈನ್ ಹಿಂದೆ. ಬೇಸ್‌ಲೈನ್‌ನಿಂದ ನೆಟ್‌ಗೆ 11.885 ಮೀಟರ್, ನೆಟ್‌ನಿಂದ ಆಚೆಯ ಬಾಕ್ಸ್ (ಸರ್ವ್ ಬೀಳಬೇಕಾದ ಚೌಕ) ಮುಗಿಯುವ ಸರ್ವಿಸ್ ಲೈನ್‌ಗೆ 6.40 ಮೀಟರ್, ನಡುಮಧ್ಯದಲ್ಲಿ ನೆಟ್ ಎತ್ತರ 0.914 ಮೀಟರ್. ಆ ಸರ್ವಿಸ್ ಲೈನ್‌ನಿಂದ ನೆಟ್‌ನ ಬಿಳಿ ಪಟ್ಟಿಗೆ ತಾಗುವಂತೆ ದಾರ ಎಳೆದು ನಮ್ಮ ಕಡೆಗೆ ತಂದರೆ, ಬೇಸ್‌ಲೈನ್ ಮೇಲೆ ಅದು ಸುಮಾರು 2.61 ಮೀಟರ್ ಎತ್ತರದಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಚೆಂಡು ಹೊಡೆಯುವವರಿಗೆ ನೇರ ಗೆರೆಯಲ್ಲಿ ಬಾಕ್ಸ್‌ಗೆ ದಾರಿಯೇ ಇಲ್ಲ. ಹೊಡೆಯುವ ಎತ್ತರ ನಮ್ಮ ಎತ್ತರದ ಒಂದೂವರೆ ಪಟ್ಟು ಅಂತ ಹಿಡಿದರೆ, 170 ಸೆಂ.ಮೀ. ಇರುವವರಿಗೆ ಅದು 2.55 ಮೀಟರ್. ಅಂದರೆ ಚೆಂಡನ್ನು ಕೆಳಗಿಳಿಸುವ ಕೆಲಸ ಗುರುತ್ವಾಕರ್ಷಣೆಯದು ಮತ್ತು ಸ್ಪಿನ್‌ನದು. ನಾವು ಮೇಲಕ್ಕೆ ಹೊಡೆಯಬೇಕು. ಎದುರಿಗೆ ಬಾಕ್ಸ್ ಕಾಣುತ್ತಿರುವಾಗ ಕೆಳಕ್ಕೆ ಬಡಿಯಬೇಕು ಅನ್ನಿಸುವುದು ಸಹಜ, ಸರ್ವ್ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ.

ಫೋನಿನ ವಿಷಯ. ಮಾಮೂಲಿ ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ರ‍್ಯಾಕೆಟ್ ತಲೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದ್ದರೆ ಎರಡು ಫ್ರೇಮ್‌ಗಳ ನಡುವೆ ಅದು 80 ಸೆಂ.ಮೀ.ಗಿಂತ ಹೆಚ್ಚು ಸರಿದಿರುತ್ತದೆ. ನೋಡಬೇಕಾದದ್ದೆಲ್ಲ ಆ ಸಂದಿಯಲ್ಲೇ ಕಳೆದುಹೋಗುತ್ತದೆ. 240 ಫ್ರೇಮ್ ಇಟ್ಟರೆ ಅದೇ ಅಂತರ ಸುಮಾರು 10 ಸೆಂ.ಮೀ.ಗೆ ಇಳಿಯುತ್ತದೆ. ಹಗಲು ಬೆಳಕಿನಲ್ಲೇ ತೆಗೆಯಿರಿ, ಬೆಳಕು ಕಡಿಮೆಯಾದರೆ ರ‍್ಯಾಕೆಟ್ ಮಸುಕಾಗುತ್ತದೆ. ಫೋನನ್ನು ನೆಲಕ್ಕೆ ಒರಗಿಸಿ ಇಡಬೇಡಿ. ಕೆಳಗಿನಿಂದ ತೆಗೆದ ಚಿತ್ರದಲ್ಲಿ ಎಲ್ಲವೂ ಎತ್ತರವಾಗಿ ಕಂಡು ಮೋಸವಾಗುತ್ತದೆ. ಎದೆ ಎತ್ತರದಲ್ಲಿ, ಬೇಸ್‌ಲೈನ್‌ನಿಂದ ನಾಲ್ಕು ಮೀಟರ್ ಹಿಂದೆ ಒಂದು ಸಲ, ಬಲಪಕ್ಕದಿಂದ ಒಂದು ಸಲ. ಪ್ರತಿ ಕೋನಕ್ಕೆ ಐದು ಸರ್ವ್ ಸಾಕು. ಐವತ್ತು ತೆಗೆದರೆ ಯಾರೂ ಕೂತು ನೋಡುವುದಿಲ್ಲ.

ಗ್ರಿಪ್ ಕಾಂಟಿನೆಂಟಲ್. ಹಿಡಿಯ ಎಂಟು ಪಟ್ಟಿಗಳಲ್ಲಿ ಮೇಲಿನದು ಒಂದನೆಯದಾದರೆ, ತೋರುಬೆರಳಿನ ಬುಡದ ಗಂಟು ಅದರ ಬಲಕ್ಕಿರುವ ಎರಡನೆಯ ಓರೆ ಪಟ್ಟಿಯ ಮೇಲೆ ಕೂರಬೇಕು. ಸುತ್ತಿಗೆ ಹಿಡಿದ ಹಾಗೆ. ಆ ಪಟ್ಟಿಯ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕೆ ಇಟ್ಟುಕೊಂಡೆ, ಏಕೆಂದರೆ ಹೊಡೆಯುವ ಭರದಲ್ಲಿ ಕೈ ತಾನಾಗಿ ಫೋರ್‌ಹ್ಯಾಂಡ್ ಕಡೆಗೆ ಜಾರುತ್ತದೆ. ಈ ಗ್ರಿಪ್‌ಗೆ ಬಂದ ಮೊದಲ ದಿನಗಳಲ್ಲಿ ಚೆಂಡೆಲ್ಲ ಎಡಕ್ಕೆ ಹೋಗುತ್ತದೆ. ಹಳೆಯ ಹಿಡಿತಕ್ಕೆ ವಾಪಸ್ ಓಡುವುದು ಇಲ್ಲೇ. ಓಡಬೇಡಿ. ಗ್ರಿಪ್ ಸರಿಯಿದೆ, ಮುಂಗೈ ಇನ್ನೂ ತಿರುಗುತ್ತಿಲ್ಲ ಅನ್ನುವುದಷ್ಟೇ ಅದರ ಅರ್ಥ.

ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ಟಾಸ್‌ಗೆ, ಅಂದರೆ ಹೊಡೆಯಲು ಎಡಗೈಯಿಂದ ಚೆಂಡನ್ನು ಮೇಲಕ್ಕೆ ಎಸೆಯುವುದಕ್ಕೆ. ಚೆಂಡು ಪ್ರತಿ ಸಲ ಬೇರೆ ಜಾಗಕ್ಕೆ ಹೋದರೆ ಸ್ವಿಂಗ್ ಕೂಡ ಅದರ ಬೆನ್ನು ಹತ್ತಿ ಪ್ರತಿ ಸಲ ಬದಲಾಗುತ್ತದೆ. ಆಮೇಲೆ ಸ್ವಿಂಗ್ ತಿದ್ದಲು ಕೂರುವುದು ವ್ಯರ್ಥ. ಚೆಂಡು ಅಂಗೈಯಲ್ಲಿ ಇರಬಾರದು, ಬೆರಳ ತುದಿಗಳಲ್ಲಿ ಇರಬೇಕು, ತುಂಬಿದ ಲೋಟ ಹಿಡಿದ ಹಾಗೆ. ಮೊಣಕೈ, ಮಣಿಕಟ್ಟು ಬಿಗಿಯಾಗಿಟ್ಟು ಇಡೀ ತೋಳನ್ನು ಭುಜದಿಂದ ಎತ್ತಿ, ಕೈ ಹಣೆಯ ಮಟ್ಟಕ್ಕೆ ಬಂದಾಗ ಬೆರಳುಗಳನ್ನೆಲ್ಲ ಒಟ್ಟಿಗೆ ಬಿಡಿಸಬೇಕು. ಬಿಟ್ಟ ಮೇಲೂ ತೋಳು ಮೇಲೇ ಹೋಗುತ್ತಿರಲಿ.

ಇದಕ್ಕೆ ಮೂರು ಪರೀಕ್ಷೆ. ಚೆಂಡಿನ ಸುತ್ತ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು ಟಾಸ್ ಮಾಡಿ. ಏರುವಾಗ ಗೆರೆ ಅಲುಗಾಡದೆ ನಿಂತಂತೆ ಕಂಡರೆ ಬಿಡುಗಡೆ ಚೊಕ್ಕ. ಗೆರೆ ಉರುಳಿದರೆ ಬೆರಳು ಅಥವಾ ಮಣಿಕಟ್ಟು ಚೆಂಡನ್ನು ಚಿಮ್ಮಿಸಿದೆ. ಎರಡನೆಯದು ಜಾಗ: ಟವೆಲನ್ನು 30 ಸೆಂ.ಮೀ. ಚೌಕಕ್ಕೆ ಮಡಚಿ, ಎಡಗಾಲ ತುದಿಯಿಂದ 40–50 ಸೆಂ.ಮೀ. ಕೋರ್ಟ್ ಒಳಗೆ, ಚೂರು ಬಲಕ್ಕೆ ಹಾಸಿ. ಹೊಡೆಯದೆ ಬಿಟ್ಟ ಚೆಂಡು ಅದರ ಮೇಲೆ ಬೀಳಬೇಕು. ಹತ್ತರಲ್ಲಿ ಎಂಟು ಬೀಳುವ ತನಕ ಸರ್ವ್ ಹೊಡೆಯಲೇ ಇಲ್ಲ. ಮೂರನೆಯದು ಎತ್ತರ. ಗೋಡೆಯ ಪಕ್ಕ ನಿಂತು ರ‍್ಯಾಕೆಟ್ ಮೇಲಕ್ಕೆ ಚಾಚಿ, ಚೆಂಡು ತಾಗುವ ಮಟ್ಟಕ್ಕೆ ಒಂದು ಟೇಪ್, ಅದರ ಮೇಲೆ ರ‍್ಯಾಕೆಟ್ ತಲೆಯಷ್ಟು ಉದ್ದ ಬಿಟ್ಟು ಇನ್ನೊಂದು ಟೇಪ್. ಚೆಂಡು ಮೇಲಿನ ಟೇಪ್ ಮುಟ್ಟಿ ಇಳಿದರೆ ಸಾಕು. ಆ 33 ಸೆಂ.ಮೀ. ಇಳಿದ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 2.5 ಮೀಟರ್, ಒಂದು ಮೀಟರ್ ಮೇಲಿಂದ ಬಿದ್ದರೆ 4.4 ಮೀಟರ್. ತಂತಿಗಳ ನಡುಭಾಗದ 15 ಸೆಂ.ಮೀ. ದಾಟಲು ಮೊದಲನೆಯದಕ್ಕೆ 60 ಮಿಲಿಸೆಕೆಂಡ್ ಬೇಕು, ಎರಡನೆಯದಕ್ಕೆ ಬರೀ 34. ಟಾಸ್ ಎತ್ತರವಾದಷ್ಟೂ ಹೊಡೆಯುವ ಗಳಿಗೆ ಕಿರಿದಾಗುತ್ತದೆ, ಗಾಳಿಗೂ ಚೆಂಡು ಹೆಚ್ಚು ಸಿಗುತ್ತದೆ. ಟಾಸ್ ಕೆಟ್ಟರೆ ರ‍್ಯಾಕೆಟ್ ಬೀಸದೆ ಚೆಂಡು ಹಿಡಿದುಕೊಳ್ಳಿ. ನಿಯಮದ ಪ್ರಕಾರ ಅದು ಫಾಲ್ಟ್ (ತಪ್ಪಿದ ಸರ್ವ್) ಅಲ್ಲ. ಪಂದ್ಯದಲ್ಲೂ ಸಂಕೋಚ ಬೇಡ.

ಮೇಲಕ್ಕೆ ಹೊಡೆಯುವುದನ್ನು ಕಲಿಸಿದ್ದು ಮಂಡಿಯೂರಿದ ಸರ್ವ್. ಅದೇ ಟವೆಲನ್ನು ಸರ್ವಿಸ್ ಲೈನ್ ಬಳಿ ಹಾಸಿ, ಬಲ ಮಂಡಿ ಊರಿ, ಅಲ್ಲಿಂದ ಎದುರು ಬಾಕ್ಸ್‌ಗೆ ಹೊಡೆಯಿರಿ. ಅಷ್ಟು ತಗ್ಗಿನಿಂದ ಕೆಳಕ್ಕೆ ಬಡಿದರೆ ಚೆಂಡು ನೆಟ್‌ಗೇ ಹೋಗುತ್ತದೆ, ಬೇರೆ ಯಾರೂ ಹೇಳಬೇಕಾಗಿಲ್ಲ. ಇಪ್ಪತ್ತರಲ್ಲಿ ಹದಿನೈದು ಒಳಗೆ ಬೀಳತೊಡಗಿದ ಮೇಲೆ ಎರಡೆರಡು ಹೆಜ್ಜೆ ಹಿಂದಕ್ಕೆ ಸರಿದು ಬೇಸ್‌ಲೈನ್ ತಲುಪಬೇಕು. ಕಾಲಿನ ಬಲ ಇಲ್ಲದಿರುವುದರಿಂದ ತೋಳು ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದೂ ಇಲ್ಲಿ ಬಯಲಾಗುತ್ತದೆ.

ಇನ್ನು ರ‍್ಯಾಕೆಟ್ ಸಾಗುವ ದಾರಿ. ತಲೆಯ ಹಿಂದೆ ರ‍್ಯಾಕೆಟ್ ಮುಖ ಆಕಾಶ ನೋಡುತ್ತಿದ್ದರೆ, ಅಂದರೆ ತಟ್ಟೆ ಹೊತ್ತ ಹಾಗಿದ್ದರೆ, ಮುಂಗೈ ತಿರುಗಲು ಏನೂ ಉಳಿದಿರುವುದಿಲ್ಲ. ಆಗ ಬರೀ ತಳ್ಳಾಟ. ರ‍್ಯಾಕೆಟ್ ಚೆಂಡಿನ ಕಡೆಗೆ ಕೊಡಲಿಯ ಹಾಗೆ ಅಂಚು ಮುಂದಾಗಿ ಏರಬೇಕು, ಕೊನೆಯಲ್ಲಿ ಮುಖ ತೆರೆಯಬೇಕು. ಹಿಂದಿನಿಂದ ತೆಗೆದ ವಿಡಿಯೊದಲ್ಲಿ ಚೆಂಡು ತಾಗುವ ಕೆಲವು ಫ್ರೇಮ್ ಮೊದಲು ರ‍್ಯಾಕೆಟ್ ಸಣಕಲಾಗಿ, ಅಂಚಷ್ಟೇ ಕಾಣಬೇಕು. ತಾಗಿದ ಕೆಲವು ಫ್ರೇಮ್ ನಂತರ ತಂತಿಗಳು ಬಲಪಕ್ಕದ ಬೇಲಿಯತ್ತ ತಿರುಗಿರಬೇಕು. ಮಣಿಕಟ್ಟನ್ನು ಬಲವಾಗಿ ಮುಂದಕ್ಕೆ ಮಡಚಲು ಹೋಗಬೇಡಿ. ತಿರುಗುವುದು ಭುಜ ಮತ್ತು ಮುಂಗೈ, ಮಣಿಕಟ್ಟು ಸಡಿಲವಾಗಿ ಜೊತೆಗೆ ಬರುತ್ತದೆ. ಇದಕ್ಕೊಂದು ಕಿವಿಯ ಪರೀಕ್ಷೆ ಇದೆ: ರ‍್ಯಾಕೆಟನ್ನು ತಲೆಕೆಳಗಾಗಿ, ಅದರ ತಲೆ ಮತ್ತು ಹಿಡಿ ಸೇರುವ ಕತ್ತಿನ ಹತ್ತಿರ ಹಿಡಿದು ಚೆಂಡಿಲ್ಲದೆ ಬೀಸಿ. ‘ಸುಂಯ್’ ಸದ್ದು ತಲೆಯ ಮೇಲೆ, ಚೂರು ಮುಂದೆ ಕೇಳಬೇಕು. ಬೆನ್ನ ಹಿಂದೆ ಕೇಳಿದರೆ ವೇಗವೆಲ್ಲ ಚೆಂಡು ಸಿಗುವ ಮೊದಲೇ ಖರ್ಚಾಗಿದೆ, ಸಾಮಾನ್ಯವಾಗಿ ಹಿಡಿ ಬಿಗಿಯಾದದ್ದರಿಂದ.

ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಸರ್ವ್‌ಗೆ ತೋಳು ನಿಧಾನ ಮಾಡುವುದು ಡಬಲ್ ಫಾಲ್ಟ್‌ನ, ಅಂದರೆ ಎರಡೂ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದರ, ನೇರ ದಾರಿ. ನಿಧಾನವಾದರೆ ಸ್ಪಿನ್ ಸತ್ತುಹೋಗುತ್ತದೆ, ಸ್ಪಿನ್ ಇಲ್ಲದ ಚೆಂಡು ಇಳಿಯುವುದಿಲ್ಲ. ತೋಳಿನ ವೇಗ ಮೊದಲ ಸರ್ವ್‌ನದೇ ಇರಲಿ. ಟಾಸ್ ಮಾತ್ರ ಸ್ವಲ್ಪ ಎಡಕ್ಕೆ, ತಲೆಯ ಮೇಲಕ್ಕೆ ಬರಲಿ. ಚೆಂಡನ್ನು ಗಡಿಯಾರ ಅಂದುಕೊಂಡರೆ ತಂತಿಗಳು ಅದರ ಹಿಂಭಾಗವನ್ನು 7ರಿಂದ 1ರ ಕಡೆಗೆ ಸವರಬೇಕು. ನೆಟ್ ಕಂಬಗಳಿಗೆ ಎರಡು ಕೋಲು ಕಟ್ಟಿ, ನೆಟ್‌ಗಿಂತ ಒಂದು ಮೀಟರ್ ಮೇಲೆ ಹಗ್ಗ ಬಿಗಿದು, ಅದರ ಮೇಲಿನಿಂದ ಹೊಡೆಯುವ ಅಭ್ಯಾಸ ಮಾಡಿದೆ. ಹಗ್ಗ ದಾಟಿಯೂ ಬಾಕ್ಸ್ ಒಳಗೆ ಬಿದ್ದರೆ ಸ್ಪಿನ್ ಇದೆ. ಮೊದಮೊದಲು ಚೆಂಡು ಬೇಸ್‌ಲೈನ್ ಆಚೆ ಹೋಗುತ್ತದೆ. ಆಗ ವೇಗ ಇಳಿಸಬೇಡಿ, ಇನ್ನಷ್ಟು ತೆಳ್ಳಗೆ ಸವರಿ.

ನೋಟ್‌ಬುಕ್‌ನಲ್ಲಿ ಒಳಗೆ ಬಿದ್ದವುಗಳಿಗಿಂತ ತಪ್ಪಿದವುಗಳ ದಿಕ್ಕು ಮುಖ್ಯ. ನೆಟ್‌ಗೆ ಹೋದವು ಜಾಸ್ತಿಯಿದ್ದರೆ ವಿಡಿಯೊದಲ್ಲಿ ಗಲ್ಲ ನೋಡುತ್ತೇನೆ: ಚೆಂಡು ಎಲ್ಲಿ ಬೀಳುತ್ತದೋ ಎಂಬ ಆತುರಕ್ಕೆ ತಲೆ ಮೊದಲೇ ತಗ್ಗಿರುತ್ತದೆ, ತಲೆ ತಗ್ಗಿದರೆ ಎಡಭುಜ ಕುಸಿಯುತ್ತದೆ, ಹೊಡೆಯುವ ಎತ್ತರವೂ ಇಳಿಯುತ್ತದೆ. ಉದ್ದ ಹೋದರೆ ಟಾಸ್ ತಲೆಯ ಹಿಂದೆ ಸರಿದಿರುತ್ತದೆ, ಇಲ್ಲವೇ ಬೆರಳು ಚುಕ್ಕೆ ಬಿಟ್ಟು ಜಾರಿರುತ್ತದೆ. ಎಡಕ್ಕೆ ಹೋದರೆ ಎದೆ ಬೇಗ ನೆಟ್‌ ಕಡೆ ತೆರೆದುಕೊಂಡಿದೆ ಅಥವಾ ಮುಂಗೈ ತಿರುಗಿಲ್ಲ. ಒಂದು ಕಡೆಗೇ ತಪ್ಪುತ್ತಿದ್ದರೆ ಕಾರಣ ಒಂದೇ, ಹುಡುಕುವುದು ಸುಲಭ. ನಾಲ್ಕೂ ಕಡೆ ಚೆದುರಿದ್ದರೆ ಸ್ವಿಂಗ್ ಮುಟ್ಟದೆ ಟವೆಲ್‌ಗೆ ವಾಪಸ್.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ದಿನಕ್ಕೆ ಅರವತ್ತು ಸರ್ವ್: ಇಪ್ಪತ್ತು ಅರ್ಧ ವೇಗದಲ್ಲಿ, ಮೂವತ್ತು ಆ ವಾರದ ತಿದ್ದುಪಡಿಗೆ, ಕೊನೆಯ ಹತ್ತು ಲೆಕ್ಕ ಬರೆಯಲು. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಕನಿಷ್ಠ ಎರಡು ವಾರ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಅನ್ನುವುದೇ ತಿಳಿಯುವುದಿಲ್ಲ. ಮೊದಲ ಚೆಂಡಿಗೆ ಮುಂಚೆ ರಬ್ಬರ್ ಬ್ಯಾಂಡ್ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ, ಹದಿನೈದರಂತೆ ಎರಡು ಸುತ್ತು. ಭುಜದ ಮುಂಭಾಗ ಅಥವಾ ಮೊಣಕೈ ಒಳಬದಿ ನೋಯತೊಡಗಿದರೆ ಎಣಿಕೆ ಎಷ್ಟೇ ಬಾಕಿಯಿರಲಿ ಅಂದಿಗೆ ಸರ್ವ್ ಮುಗಿಯಿತು. ಉಳಿದ ಸಮಯಕ್ಕೆ ಟಾಸ್ ಇದ್ದೇ ಇದೆ, ಅದಕ್ಕೆ ಬಲಭುಜ ಬೇಕಿಲ್ಲ.