ಬೆಳೆ ಹಾನಿ ಪರಿಹಾರ: ಮಳೆ ಬರೋಕೆ ಮುಂಚೆಯೇ ಮಾಡಬೇಕಾದ ಕೆಲಸ

ಒಂದೇ ಬದುವಿನ ಆಚೆ ಈಚೆ ಇರುವ ಎರಡು ಹೊಲ. ಎರಡರಲ್ಲೂ ಹೆಸರು ಬಿತ್ತಿದ್ದರು. ಆಗಸ್ಟ್‌ನಲ್ಲಿ ಬಿಡದೆ ಸುರಿದ ಮಳೆಗೆ ಎರಡೂ ಕಡೆ ಗಿಡದಲ್ಲೇ ಕಾಯಿ ಮೊಳಕೆ ಒಡೆದವು. ಒಂದು ಹೊಲದವರಿಗೆ ಪರಿಹಾರ ಬಂತು. ಇನ್ನೊಂದು ನಮ್ಮ ಕಾಕಾ ಅವರದು, ಅವರಿಗೆ ಬರಲಿಲ್ಲ. ಸಮೀಕ್ಷೆಗೆ ಬಂದವರನ್ನು ತಿಂಗಳುಗಟ್ಟಲೆ ಬೈದುಕೊಂಡು ಓಡಾಡಿದರು. ಆದರೆ ಸಮೀಕ್ಷೆ ಸರಿಯಾಗಿಯೇ ಆಗಿತ್ತು. ದುಡ್ಡು ಮಂಜೂರೂ ಆಗಿತ್ತು. ಅದು ಹೋಗಿ ಬೀಳಬೇಕಾದ ಖಾತೆ ಮಾತ್ರ ಬಂದ್ ಆಗಿತ್ತು.

ಇಂಥದ್ದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಬೆಳೆ ಹೋದ ಮೇಲೆ ಅರ್ಜಿ ಹಿಡಿದು ಓಡುತ್ತೇವೆ. ಆದರೆ ಪರಿಹಾರ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಬೆಳೆ ಹೋಗುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಈ ನಾಲ್ಕೂ ಒಂದೇ ಮಾತು ಹೇಳಬೇಕು.

ಮೊದಲು ಪಹಣಿ ತೆಗೆಸಿ. ಅದರಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರೇ ಇದ್ದರೆ ಬೇರೆಲ್ಲ ಕೆಲಸ ಬದಿಗಿಟ್ಟು ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಗೆ ಹೋಗಿ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಅಣ್ಣ ತಮ್ಮಂದಿರ ನಡುವೆ ಮಾತು ಮುಗಿಯಲಿ ಅಂತ ಕಾಯುತ್ತಾ ಕೂತರೆ ಮೂರು ಮುಂಗಾರು ಹೋಗುತ್ತವೆ. ಲಾವಣಿಗೆ ಹೊಲ ಮಾಡಿದವರಿಗೂ ಒಂದು ಮಾತು: ದುಡ್ಡು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಬಿತ್ತುವ ಮುಂಚೆಯೇ ಹೊಲದ ಮಾಲೀಕರ ಹತ್ತಿರ ಮಾತಾಡಿಕೊಳ್ಳಿ.

ಎರಡನೆಯದು ಎಫ್‌ಐಡಿ, ಅಂದರೆ ಫ್ರೂಟ್ಸ್ ಅನ್ನುವ ಸರ್ಕಾರದ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ. ಆಧಾರ್, ಪಹಣಿ, ಪಾಸ್‌ಬುಕ್ ಒಯ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ, ದುಡ್ಡು ಕೊಡಬೇಕಿಲ್ಲ. "ನನ್ನದು ಆಗಿದೆ" ಅನ್ನುವವರೂ ಒಮ್ಮೆ ನೋಡಿ, ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿವೆಯಾ ಅಂತ. ಆಮೇಲೆ ಕೊಂಡ ಎರಡು ಎಕರೆ, ಪಾಲಿಗೆ ಬಂದ ಹಿಸ್ಸಾ ಎಷ್ಟೋ ಜನರದ್ದು ಸೇರಿರುವುದಿಲ್ಲ. ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ ಅಂತ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ.

ಮೂರನೆಯದು ಬೆಳೆ ಸಮೀಕ್ಷೆ. 2020ರಿಂದ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸಬಹುದು. ನನ್ನ ಕೇಳಿದರೆ ನೀವೇ ಮಾಡಿ, ಬೇರೆಯವರಿಗೆ ಬಿಡಬೇಡಿ. ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ತೊಗರಿ ಸಾಲಿನ ನಡುವೆ ಹೆಸರು ಹಾಕಿದ್ದರೆ ಎರಡನ್ನೂ ಬರೆಯಿರಿ. ತೊಗರಿ ಒಂದೇ ಬರೆದು ಬಿಟ್ಟರೆ, ಹೆಸರು ಕೊಳೆತಾಗ ದಾಖಲೆಯಲ್ಲಿ ಆ ಬೆಳೆಯೇ ಇರುವುದಿಲ್ಲ. ಊರಿನ ಹುಡುಗರು ಸಮೀಕ್ಷೆ ಮಾಡಿ ಹೋಗಿದ್ದರೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಏನು ಬರೆದಿದ್ದಾರೆ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದ ಮೇಲೆ ಯಾರ ಕೈಕಾಲು ಹಿಡಿದರೂ ಕಷ್ಟ.

ಈಗ ಕಾಕಾ ಎಡವಿದ ಜಾಗಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ.

ಪರಿಹಾರದ ದುಡ್ಡು ನೀವು ಜೆರಾಕ್ಸ್ ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ. ನಿಮ್ಮ ಆಧಾರ್ ನಂಬರ್ ಹಿಡಿದು ಬರುತ್ತದೆ. ಒಂದು ಆಧಾರ್‌ಗೆ ಯಾವ ಬ್ಯಾಂಕ್ ಅನ್ನುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಇರುತ್ತದೆ, ಅದೂ ಒಂದೇ ಬ್ಯಾಂಕ್. "ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ" ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕು ಖಾತೆಗೆ ಆಧಾರ್ ಕೊಟ್ಟಿರಬಹುದು, ಆದರೆ ಸರ್ಕಾರದ ದುಡ್ಡು ಬರುವುದು ಮ್ಯಾಪಿಂಗ್ ಆದ, ಅಂದರೆ ಆ ಪಟ್ಟಿಗೆ ಸೇರಿದ ಒಂದಕ್ಕೆ ಮಾತ್ರ. ಕೊನೆಗೆ ಯಾವ ಬ್ಯಾಂಕಿನಲ್ಲಿ ಒಪ್ಪಿಗೆಯ ಸಹಿ ಹಾಕಿದ್ದೀರೋ ಅದೇ ಉಳಿಯುತ್ತದೆ. ಕಾಕಾ ಯಾವುದೋ ಕಾಲದಲ್ಲಿ ಪಟ್ಟಣದಲ್ಲಿ ಒಂದು ಖಾತೆ ತೆರೆದು, ಫಾರಂನಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದರು. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ನೋಡುವುದು ಸುಲಭ. ಆಧಾರ್‌ನ ಜಾಲತಾಣಕ್ಕೆ ಹೋಗಿ, ಆಧಾರ್ ನಂಬರ್ ಹಾಕಿ, ಮೊಬೈಲ್‌ಗೆ ಬಂದ ಒಟಿಪಿ ಕೊಟ್ಟು ಒಳಗೆ ಹೋಗಿ. "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿ. ಬ್ಯಾಂಕಿನ ಹೆಸರು ಬರುತ್ತದೆ, ಪಕ್ಕದಲ್ಲಿ ಆ್ಯಕ್ಟಿವ್ ಅಥವಾ ಇನ್‌ಆ್ಯಕ್ಟಿವ್ ಅಂತ ಇರುತ್ತದೆ. ನೀವು ದಿನಾ ಬಳಸುವ ಬ್ಯಾಂಕ್ ಅಲ್ಲದಿದ್ದರೆ, ಅಥವಾ ಇನ್‌ಆ್ಯಕ್ಟಿವ್ ಅಂತ ಇದ್ದರೆ, ಪಾಸ್‌ಬುಕ್ ಮತ್ತು ಆಧಾರ್ ತೆಗೆದುಕೊಂಡು ನಿಮ್ಮ ಬ್ಯಾಂಕಿಗೆ ಹೋಗಿ. "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತಲೇ ಹೇಳಿ. ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು. ಬರೀ ಲಿಂಕ್ ಮಾಡಿ ಅಂದರೆ "ಆಗಿದೆ ಹೋಗಿ" ಅಂತ ಕಳಿಸಿಬಿಡುತ್ತಾರೆ. ಒಪ್ಪಿಗೆ ಫಾರಂ ಬರೆದು ಸಹಿ ಹಾಕಿ, ಸ್ವೀಕೃತಿ ಕೇಳಿ ಪಡೆಯಿರಿ. ಒಂದು ವಾರ ಬಿಟ್ಟು ಮತ್ತೆ ಅದೇ ಜಾಲತಾಣ ನೋಡಿ. ನಿಮ್ಮ ಬ್ಯಾಂಕಿನ ಹೆಸರು, ಪಕ್ಕದಲ್ಲಿ ಆ್ಯಕ್ಟಿವ್ ಅಂತ ಇದ್ದರೆ ಮಾತ್ರ ಕೆಲಸ ಆಯಿತು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತದೆ, ಹಾಗಾಗಿ ಆಗಾಗ ನೂರು ರೂಪಾಯಿ ಹಾಕಿ ತೆಗೆಯುತ್ತಿರಿ. ಸಾಲದ ಖಾತೆಗೆ ಮ್ಯಾಪಿಂಗ್ ಬೇಡವೇ ಬೇಡ, ಉಳಿತಾಯ ಖಾತೆಯೇ ಇರಲಿ.

ಇಷ್ಟು ಆಗಿದ್ದರೆ, ಹಾನಿ ಆದ ದಿನ ಕೆಲಸ ಕಮ್ಮಿ. ನೀರು ಇಳಿಯುವ ಮುಂಚೆ ಫೋಟೋ ತೆಗೆಯಿರಿ, ಬದು ಅಥವಾ ಗುರುತಿನ ಮರ ಕಾಣಬೇಕು. ದಿನಾಂಕ, ಜಾಗ ಅಚ್ಚಾಗುವ ಕ್ಯಾಮೆರಾ ಆ್ಯಪ್‌ಗಳಲ್ಲಿ ಕೆಲವು ಬರೀ ಜಾಹೀರಾತು, ಜಾಗವನ್ನೂ ತಪ್ಪಾಗಿ ತೋರಿಸುತ್ತವೆ. ಫೋನಿನ ಕ್ಯಾಮೆರಾದಲ್ಲೇ ಲೊಕೇಶನ್ ಆನ್ ಮಾಡಿಕೊಂಡರೆ ಸಾಕು. ಸರ್ವೆ ನಂಬರ್, ಬೆಳೆ, ಎಕರೆ, ಎಫ್‌ಐಡಿ ಬರೆದು ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಡಿ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರ ಜಂಟಿ ಸಮೀಕ್ಷೆ ಬಂದಾಗ ಹೊಲದಲ್ಲೇ ಇರಿ. ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ "ಪರಿಹಾರ ಪಟ್ಟಿ" ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಲೇಬೇಡಿ, ಖಾತೆ ಖಾಲಿಯಾಗುತ್ತದೆ.

ಬೆಳೆ ವಿಮೆ ಬೇರೆ, ಪರಿಹಾರ ಬೇರೆ. ವಿಮೆ ಕಟ್ಟಿದ್ದು, ಆಲಿಕಲ್ಲು ಬಿದ್ದು ಅಥವಾ ಹೊಲ ಮುಳುಗಿ ಹಾನಿ ಆದರೆ 72 ಗಂಟೆಯೊಳಗೆ ತಿಳಿಸಬೇಕು. ಬೆಳೆ ವಿಮೆಯ ಸಹಾಯವಾಣಿ 14447ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲ ಮಳೆಗೆ ಸಿಕ್ಕರೂ 14 ದಿನದವರೆಗೆ ವಿಮೆ ಇದೆ. ಇದು ತುಂಬ ಜನರಿಗೆ ಗೊತ್ತಿಲ್ಲ.

ಎಷ್ಟು ಬರಬಹುದು? ಹಾನಿ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 2 ಹೆಕ್ಟೇರ್‌ವರೆಗೆ, ಅಂದರೆ ಸುಮಾರು 5 ಎಕರೆಗೆ ಮಾತ್ರ ಲೆಕ್ಕ. ಕೇಂದ್ರದ ನಿಯಮದಂತೆ ಹೆಕ್ಟೇರ್‌ಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. 2025ರ ಮುಂಗಾರಿನಲ್ಲಿ ಭೀಮಾ ತೀರದಲ್ಲಿ ಪ್ರವಾಹ ಬಂದಾಗ ರಾಜ್ಯ ಸರ್ಕಾರ ಹೆಕ್ಟೇರ್‌ಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ಘೋಷಿಸಿತು. ಎಕರೆ ಲೆಕ್ಕ ಹಾಕಿ ಗಾಬರಿ ಆಗಬೇಡಿ, ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ.

ಜಮಾ ಆಗಿದೆಯಾ ಅಂತ ಕಂದಾಯ ಇಲಾಖೆಯ ಪರಿಹಾರ ಜಾಲತಾಣದಲ್ಲಿ ನೋಡಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ ಹೋಗಿದೆ ಅನ್ನುವುದೂ ಗೊತ್ತಾಗುತ್ತದೆ. ದುಡ್ಡು ವಾಪಸ್ ಹೋಗಿದ್ದರೆ ಮ್ಯಾಪಿಂಗ್ ಸರಿಮಾಡಿಸಿ, ಅದರ ಸ್ವೀಕೃತಿ ಜೊತೆಗೆ ತಹಶೀಲ್ದಾರ್ ಕಚೇರಿಗೆ ಬರಹದಲ್ಲಿ ಕೊಡಿ. ಕಾಕಾ ಅವರ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಅದರ ಸ್ವೀಕೃತಿ ಈಗ ಅವರ ಪಹಣಿಯ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಕ್ಕಿಂತ ಮೇಲಿದೆ.