ಬಾಕ್ಸರ್ ದಂಡದ ಹಣ: ತರಗತಿಯಲ್ಲಿ ಕಂಡುಕೊಂಡದ್ದು

ಡಿಗ್ರಿ ಮಕ್ಕಳಿಗೆ ಚೀನಾದ ಇತಿಹಾಸ ಪಾಠ ಮಾಡುವಾಗ ಹಲವು ವರ್ಷ ಒಂದು ತಪ್ಪು ಮಾಡುತ್ತ ಬಂದೆ. 'ವಿದೇಶಿಯರ ವಿರುದ್ಧ ಚೀನಾದಲ್ಲಿ ಎದ್ದ ಬಾಕ್ಸರ್ ದಂಗೆಯ ಪರಿಹಾರಧನದಲ್ಲಿ ಒಂದು ಪಾಲನ್ನು ಅಮೆರಿಕ ಉದಾರವಾಗಿ ಹಿಂದಿರುಗಿಸಿತು' ಎಂದು ನೋಟ್ಸ್ ಬರೆಸಿ ಮುಂದೆ ಹೋಗಿಬಿಡುತ್ತಿದ್ದೆ. ಆ ಸಾಲಿನಲ್ಲಿ ಲಿಯಾಂಗ್ ಚೆಂಗ್ ಎಂಬ ಮನುಷ್ಯನೇ ಇರಲಿಲ್ಲ.

ಒಂದು ರಜೆಯಲ್ಲಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಗೆರೆ ಎಳೆದು, ಒಂದು ಕಡೆ ವಾಷಿಂಗ್ಟನ್, ಇನ್ನೊಂದು ಕಡೆ ಪೀಕಿಂಗ್ (ಇಂದಿನ ಬೀಜಿಂಗ್) ಎಂದು ಬರೆದು, ತಾರೀಖುಗಳನ್ನು ಜೋಡಿಸುತ್ತ ಕೂತೆ. 1901ರ ಸೆಪ್ಟೆಂಬರ್ 7ರ ಒಪ್ಪಂದದಂತೆ ಚೀನಾ, ದಂಗೆ ಅಡಗಿಸಿದ ವಿದೇಶಿ ರಾಷ್ಟ್ರಗಳಿಗೆ 45 ಕೋಟಿ ಟೇಲ್ (ಚೀನಾದ ಹಳೇ ತೂಕದ ಅಳತೆ) ಬೆಳ್ಳಿಯನ್ನು ಶೇ. 4 ಬಡ್ಡಿಯೊಂದಿಗೆ 39 ವರ್ಷ ಕಟ್ಟಬೇಕಿತ್ತು. ಅದರಲ್ಲಿ ಅಮೆರಿಕದ ಪಾಲು 2.44 ಕೋಟಿ ಡಾಲರ್. ಕಟ್ಟಬೇಕಾದ್ದು ಚಿನ್ನದ ಲೆಕ್ಕದಲ್ಲೋ ಬೆಳ್ಳಿಯ ಲೆಕ್ಕದಲ್ಲೋ ಎಂಬ ಜಗಳ ನಡೆದಿದ್ದಾಗ, ವಾಷಿಂಗ್ಟನ್ನಿನಲ್ಲಿದ್ದ ಚೀನಾದ ರಾಯಭಾರಿ ಲಿಯಾಂಗ್ ಎದುರು ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ, ಪರಿಹಾರ ಹೆಚ್ಚಾಯಿತೆಂದು ಒಪ್ಪಿಕೊಂಡರು. ಲಿಯಾಂಗ್ ಆ ಮಾತನ್ನು ಬಿಡಲೇ ಇಲ್ಲ. ಚಿನ್ನ, ಬೆಳ್ಳಿ ಬದಿಗಿರಲಿ, ಹೆಚ್ಚಾದದ್ದನ್ನು ವಾಪಸ್ ಕೊಡಿ ಎಂದು ಪಟ್ಟು ಹಿಡಿದರು. 1905ರ ಜುಲೈನಲ್ಲಿ ಹೇ ತೀರಿಕೊಂಡರು. ಅದೇ ವರ್ಷ, ಚೀನೀಯರನ್ನು ಹೊರಗಿಡುವ ಅಮೆರಿಕದ ಕಾನೂನಿನ ವಿರುದ್ಧ ಚೀನಾದಲ್ಲಿ ಅಮೆರಿಕದ ಸರಕುಗಳ ಬಹಿಷ್ಕಾರ ಶುರುವಾಯಿತು. ಹೇ ನಂತರ ಬಂದ ಎಲಿಹು ರೂಟ್ ಅವರ ಬಾಗಿಲನ್ನೂ ಲಿಯಾಂಗ್ ತಟ್ಟಬೇಕಾಯಿತು. ಕೊನೆಗೆ 1908ರ ಡಿಸೆಂಬರ್ 28ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆದೇಶ ಹೊರಡಿಸಿ, ಅಮೆರಿಕದ ಪಾಲು ಸುಮಾರು 1.37 ಕೋಟಿ ಡಾಲರಿಗೆ ಇಳಿಯಿತು.

ಈ ಹಾಳೆಯನ್ನು ಬೋರ್ಡಿಗೆ ಅಂಟಿಸಿ ಮಕ್ಕಳನ್ನೇ ಮಾತುಕತೆಗೆ ಕೂರಿಸಿದೆ. ಪೀಕಿಂಗ್‌ನ ಅಮೆರಿಕನ್ ರಾಯಭಾರಿ ರಾಕ್‌ಹಿಲ್ ಪಾತ್ರದ ಹುಡುಗ, ವಾಪಸ್ ಬರುವ ಹಣ ಚೀನೀ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೇ ಹೋಗಬೇಕು ಎಂದ. ಮಂಚೂರಿಯಾದ ಅಭಿವೃದ್ಧಿಗೆ ಅದನ್ನು ಬಳಸಬಯಸಿದ್ದ ಚೀನೀ ಅಧಿಕಾರಿ ಟಾಂಗ್ ಶಾವೋಯಿ ಪಾತ್ರದ ಹುಡುಗಿ ಎದ್ದು ನಿಂತು ಕೇಳಿದಳು: "ಹೆಚ್ಚಾಗಿ ವಸೂಲಿ ಮಾಡಿದ್ದು ನಮ್ಮ ದುಡ್ಡು ತಾನೆ? ಹೇಗೆ ಖರ್ಚು ಮಾಡ್ಬೇಕು ಅಂತ ನೀವ್ಯಾಕೆ ಹೇಳ್ತೀರಿ?"

ಹುಡುಗ ನೋಟ್ಸ್ ತಿರುವಿ ಹಾಕಿದ. ಉತ್ತರ ಸಿಗಲಿಲ್ಲ. ಚೀನಾ ಮೊದಲು ಪೂರ್ತಿ ಕಂತು ಕಟ್ಟಬೇಕು, ಆಮೇಲೆ ಹೆಚ್ಚಿನದು ವಾಪಸ್ ಬರುತ್ತದೆ ಎಂಬ ಏರ್ಪಾಡನ್ನು ವಿವರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ, "ಹಾಗಾದ್ರೆ ಲಗಾಮು ಅವರ ಕೈಲೇ ಇತ್ತಲ್ಲ ಸಾರ್" ಎಂದ. ನನ್ನ ಐದು ವರ್ಷದ ನೋಟ್ಸಿಗಿಂತ ಆ ಮಾತೇ ಸರಿಯಾಗಿತ್ತು.

1909ರಲ್ಲಿ ಮೊದಲ 47 ವಿದ್ಯಾರ್ಥಿಗಳು ಅಮೆರಿಕಕ್ಕೆ ಹೊರಟರು. 1911ರಲ್ಲಿ, ಹಾಗೆ ಹೋಗುವವರನ್ನು ತಯಾರು ಮಾಡುವ ತ್ಸಿಂಗ್‌ಹುವಾ ಶಾಲೆ ಪೀಕಿಂಗ್‌ನಲ್ಲಿ ತೆರೆಯಿತು. ಹಾಳೆಯಲ್ಲಿ ಅಲ್ಲಿಗೆ ಜಾಗ ಮುಗಿದಿದೆ. 1924ರ ಎರಡನೇ ವಾಪಸಾತಿಗಾಗಿ ಮಕ್ಕಳು ಇನ್ನೊಂದು ಕ್ಯಾಲೆಂಡರ್ ಹಾಳೆ ತಂದಿದ್ದಾರೆ.